ಹಳೇ ಡಾರ್ಕ್‌ರೂಮ್ ಕಿಟ್ ಕೈಗೆ ಸಿಕ್ಕಿದ್ರೆ: ಪೆಟ್ಟಿಗೆ ಬಿಚ್ಚೋದ್ರಿಂದ ಮೊದಲ ಪ್ರಿಂಟ್‌ವರೆಗೆ

1940ರಿಂದ 60ರ ದಶಕದವರೆಗೆ ಅಮೆರಿಕಾದಲ್ಲಿ, ಇಂಗ್ಲೆಂಡ್‌ನಲ್ಲಿ ಹವ್ಯಾಸಿ ಫೋಟೋಗ್ರಾಫರ್‌ಗಳು ಮನೇಲೇ ಕತ್ತಲೆ ಕೋಣೆ (ಡಾರ್ಕ್‌ರೂಮ್) ಮಾಡ್ಕೊಂಡು ಫಿಲ್ಮ್ ತೊಳೆದು ಪ್ರಿಂಟ್ ಹಾಕೋಕೆ ಅಂತಾನೇ ಒಂದು ರಟ್ಟಿನ ಪೆಟ್ಟಿಗೆ ಮಾರ್ತಿದ್ರು. ಒಳಗೆ ಮೂರು ಚಿಕ್ಕ ಟ್ರೇ, ರೀಲು ತೊಳೆಯೋ ಟ್ಯಾಂಕು, ಗಾಜು ಕೂರಿಸಿದ ಪ್ರಿಂಟಿಂಗ್ ಫ್ರೇಮು, ಒಂದು ಥರ್ಮಾಮೀಟರ್, ಅಳತೆ ಲೋಟ, ಕಲಕೋ ಕಡ್ಡಿ, ಕೆಮಿಕಲ್ ಪ್ಯಾಕೆಟ್, ಒಂದಿಷ್ಟು ಪೇಪರ್, ಕೆಲವುದ್ರಲ್ಲಿ ಪೇಪರ್ ಕೆಡದ ಹಾಗೆ ಮಂದ ಬಣ್ಣದ ಬೆಳಕು ಕೊಡೋ ಸೇಫ್‌ಲೈಟ್ ದೀಪ, ಮತ್ತೆ ಎಲ್ಲಕ್ಕಿಂತ ಮೇಲೆ ಒಂದು ತೆಳು ಬುಕ್‌ಲೆಟ್. ಕೊಡಾಕ್ ಅವರ ಕೊಡಾಕ್ರಾಫ್ಟ್ ಫೋಟೋ-ಲ್ಯಾಬ್ ಔಟ್‌ಫಿಟ್ ಇಂಥದ್ದೇ, ಇಂಗ್ಲೆಂಡ್‌ನ ಜಾನ್ಸನ್ಸ್ ಆಫ್ ಹೆಂಡನ್, ನ್ಯೂಯಾರ್ಕಿನ ಎಫ್‌ಆರ್ ಇವರೂ ಮಾಡ್ತಿದ್ರು. 1888ರಲ್ಲಿ ಕೊಡಾಕ್ ಕ್ಯಾಮೆರಾ ಬಂದಾಗ ಕಂಪನಿ ಹೇಳಿದ್ದು ನೀವು ಬಟನ್ ಒತ್ತಿ, ಉಳಿದಿದ್ದು ನಾವು ನೋಡ್ಕೋತೀವಿ ಅಂತ, ಆ ಉಳಿದಿದ್ದನ್ನ ಜನ ತಮ್ಮ ಅಡುಗೆಮನೆಯಲ್ಲೇ ಮಾಡ್ಕೊಳ್ಳೋ ಹಾಗೆ ಮಾಡಿದ್ದು ಈ ಪೆಟ್ಟಿಗೆಗಳು.

ಈಗ ಇವು ಇಬೇಯಲ್ಲಿ ಸಿಗುತ್ತೆ, ಮುಚ್ಚಿಹೋಗ್ತಿರೋ ಸ್ಟುಡಿಯೋಗಳ ಅಟ್ಟದಲ್ಲಿ ಬಿಡಿ ಸಾಮಾನಾಗಿ ಸಿಗುತ್ತೆ, ಬೆಂಗಳೂರಲ್ಲಿರೋರು ಚಿಕ್ಕಪೇಟೆ ಸಂಡೇ ಬಜಾರಲ್ಲೂ ಕಣ್ಣಿಟ್ಟಿರಬಹುದು. ತುಂಬಾ ಜನ ಇದನ್ನ ತಗೊಂಡು ಶೋಕೇಸಲ್ಲಿ ಇಟ್ಬಿಡ್ತಾರೆ, ನನಗೆ ಅದು ಬೇಜಾರು. ಯಾಕಂದ್ರೆ ಆ ಬುಕ್‌ಲೆಟ್ ಬರೆದವರು ಒಂದು ವಿಷಯ ಚೆನ್ನಾಗಿ ಅರ್ಥ ಮಾಡ್ಕೊಂಡಿದ್ರು: ಓದೋನ ಪಕ್ಕದಲ್ಲಿ ಹೇಳ್ಕೊಡೋಕೆ ಯಾರೂ ಇರಲ್ಲ, ಲೈಟ್ ಆಫ್ ಆದ್ಮೇಲೆ ಪುಸ್ತಕ ನೋಡೋಕೂ ಆಗಲ್ಲ, ಹಂಗಾಗಿ ಕೆಲಸದ ಕ್ರಮ ಮೊದ್ಲೇ ಕೈಗೆ ಬಂದಿರ್ಬೇಕು. ಆ ಕ್ರಮ ಇವತ್ತಿಗೂ ಒಂಚೂರೂ ಬದಲಾಗಿಲ್ಲ. ಬದಲಾಗಿರೋದು ಫಿಲ್ಮು, ಪೇಪರ್, ನಮ್ಮ ಊರಿನ ನೀರಿನ ಬಿಸಿ, ಕರೆಂಟು, ಮತ್ತೆ ಯಾವ ಕೆಮಿಕಲ್ ಎಷ್ಟು ಅಪಾಯ ಅನ್ನೋ ತಿಳುವಳಿಕೆ. ಇಷ್ಟನ್ನ ತಿದ್ದಿ ಓದ್ಕೊಂಡ್ರೆ ಅರವತ್ತು ಎಪ್ಪತ್ತು ವರ್ಷದ ಹಿಂದಿನ ಪುಸ್ತಕ ಹಿಡ್ಕೊಂಡು ಇವತ್ತು ರಾತ್ರೀನೇ ಪ್ರಿಂಟ್ ಮಾಡಬಹುದು. ಹೆಂಗೆ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲು: ಯಾವ ಕಾಲದ್ದು ಅಂತ ಕಂಡುಹಿಡೀರಿ

ಇದು ಸುಮ್ನೆ ಕುತೂಹಲಕ್ಕಲ್ಲ, ಕಾಲ ಗೊತ್ತಾದ್ರೆ ಬುಕ್‌ಲೆಟ್‌ನಲ್ಲಿರೋ ಯಾವ ಮಾತು ನಂಬಬೇಕು ಯಾವುದು ಬಿಡಬೇಕು ಅಂತ ಗೊತ್ತಾಗುತ್ತೆ. ಕೊಡಾಕ್ ಬುಕ್‌ಲೆಟ್ ಆದ್ರೆ ಕೊನೇ ಪುಟದ ಕೆಳಗಡೆ ಚಿಕ್ಕ ಅಕ್ಷರದಲ್ಲಿ ತಿಂಗಳು-ವರ್ಷ ಸೇರಿಸಿದ ಒಂದು ಕೋಡ್ ಎಷ್ಟೋ ಸಲ ಇರುತ್ತೆ, 5-58 ಥರ. ಅದಿಲ್ಲ ಅಂದ್ರೆ ವಿಳಾಸ ನೋಡಿ. ರೋಚೆಸ್ಟರ್ 4, ನ್ಯೂಯಾರ್ಕ್ ಅಂತ ಊರಿನ ಹೆಸರಿನ ಮುಂದೆ ಒಂದೇ ಅಂಕಿ ಇದ್ರೆ ಅದು 1943ರಿಂದ 1963ರ ನಡುವಿನದ್ದು, ಐದಂಕಿ ಜಿಪ್ ಕೋಡ್ ಇದ್ರೆ 1963ರ ನಂತರದ್ದು. ಇಂಗ್ಲೆಂಡಿನ ಕಿಟ್ಟಿನ ಮೇಲೆ ಬೆಲೆ ಶಿಲಿಂಗ್ ಲೆಕ್ಕದಲ್ಲಿದ್ರೆ 1971ಕ್ಕಿಂತ ಮುಂಚಿನದ್ದು. ಫಿಲ್ಮ್ ಹೆಸರುಗಳೂ ಹೇಳಿಬಿಡುತ್ತೆ, ಬರೀ ವೆರಿಕ್ರೋಮ್ ಅಂತಿದ್ರೆ 1931ರಿಂದೀಚೆಗೆ ಬಂದ ಹಳೇ ಫಿಲ್ಮು, ವೆರಿಕ್ರೋಮ್ ಪ್ಯಾನ್ ಅಂತ ಬಂದ್ರೆ ಆ ಪುಸ್ತಕ 1956 ಅಥವಾ ಆಮೇಲಿನದ್ದು. ಈ ಪ್ಯಾನ್ ಅನ್ನೋ ಮೂರಕ್ಷರ ನೆನಪಿಟ್ಕೊಳ್ಳಿ, ಮುಂದೆ ಇದೇ ದೊಡ್ಡ ವಿಷಯ ಆಗುತ್ತೆ.

ಯಾವುದು ಇಟ್ಕೋಬೇಕು, ಯಾವುದು ಬಿಸಾಕ್ಬೇಕು

ಪೆಟ್ಟಿಗೆಯಲ್ಲಿರೋ ಎಲ್ಲಾ ಸಾಮಾನು ಒಂದು ಹಳೇ ಪೇಪರ್ ಮೇಲೆ ಹರಡಿ, ಗ್ಲೌಸ್ ಹಾಕ್ಕೊಂಡು, ಕಿಟಕಿ ತೆಗೆದು.

ಕೆಮಿಕಲ್ ಪ್ಯಾಕೆಟ್ ಬಳಸ್ಬೇಡಿ, ಯಾವುದನ್ನೂ. ಕೊಡಾಕ್ ಟ್ರೈ-ಕೆಮ್ ಪ್ಯಾಕ್ ಅಂತ ಬರ್ತಿತ್ತು, ಚಿತ್ರ ಮೂಡಿಸೋ ಡೆವಲಪರ್, ಅದನ್ನ ಅಲ್ಲಿಗೇ ನಿಲ್ಲಿಸೋ ಸ್ಟಾಪ್ ಬಾತ್, ಚಿತ್ರ ಬೆಳಕಿಗೆ ಕೆಡದ ಹಾಗೆ ಮಾಡೋ ಫಿಕ್ಸರ್ ಮೂರೂ ಒಟ್ಟಿಗೆ, ಒಂದೊಂದೂ 8 ಔನ್ಸ್ ನೀರಿಗೆ. ನೋಡೋಕೆ ಎಷ್ಟು ಅಚ್ಚುಕಟ್ಟು ಅಂದ್ರೆ ಒಡೆಯೋಕೆ ಮನಸ್ಸು ಬರಲ್ಲ, ಒಡೀಲೂಬೇಡಿ, ಸೀಲ್ ಇದ್ರೆ ಹಂಗೇ ಜಿಪ್‌ಲಾಕ್ ಕವರ್‌ನಲ್ಲಿ ಹಾಕಿ ನೆನಪಿಗೆ ಇಡಿ. ಗಾಳಿ ಸೋಕಿದ ಡೆವಲಪರ್ ಪುಡಿ ಕಂದು ಬಣ್ಣಕ್ಕೆ ತಿರುಗಿರುತ್ತೆ, ಅದ್ರಿಂದ ಕೆಲಸ ಆಗಲ್ಲ. ಇನ್ನೂ ಹಳೇ ಕಿಟ್ಟಲ್ಲಿ ಅಥವಾ ಹಳೇ ಸ್ಟುಡಿಯೋ ಕಪಾಟಲ್ಲಿ ಪುಟ್ಟ ಗಾಜಿನ ಬಾಟಲಿಗಳಿದ್ರೆ ಲೇಬಲ್ ಸರಿಯಾಗಿ ಓದಿ. ಮರ್ಕ್ಯುರಿಕ್ ಕ್ಲೋರೈಡ್, ಪೊಟ್ಯಾಸಿಯಂ ಬೈಕ್ರೋಮೇಟ್, ಯುರೇನಿಯಂ ನೈಟ್ರೇಟ್, ಪೈರೋ ಇವೆಲ್ಲ ನೆಗೆಟಿವ್ ಗಾಢ ಮಾಡೋಕೆ, ಬಣ್ಣ ಕೊಡೋಕೆ, ಡೆವಲಪ್ ಮಾಡೋಕೆ ಬಳಸ್ತಿದ್ದ ಸಾಮಾನೇ, ಆಗಿನ ಬುಕ್‌ಲೆಟ್‌ಗಳಲ್ಲಿ ಏನೂ ಆಗೇ ಇಲ್ಲ ಅನ್ನೋ ಥರ ಬರೆದಿರ್ತಾರೆ. ಇವು ವಿಷ. ಮುಚ್ಚಳ ತೆಗೀಬೇಡಿ, ಮೋರಿಗೆ ಸುರೀಬೇಡಿ, ಹತ್ತಿರದ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನವರನ್ನ ಕೇಳಿ ಅಪಾಯಕಾರಿ ತ್ಯಾಜ್ಯ ತಗೊಳ್ಳೋರಿಗೆ ಕೊಡಿ.

ಸೇಫ್‌ಲೈಟ್ ದೀಪ ಇದ್ರೆ ಪ್ಲಗ್‌ಗೆ ಹಾಕ್ಬೇಡಿ. ಅಮೆರಿಕಾದ್ದು 110-120 ವೋಲ್ಟಿನದ್ದು, ನಮ್ಮದು 230. ಇಂಗ್ಲೆಂಡಿನದ್ದಾದ್ರೆ ವೋಲ್ಟ್ ಸರಿ ಇರುತ್ತೆ, ಬಲ್ಬಿನ ಹೋಲ್ಡರ್ ಕೂಡ ನಮ್ಮ ಮನೆ ಹೋಲ್ಡರ್ ಥರದ್ದೇ ಆಗಿರಬಹುದು, ಆದ್ರೆ ವೈರಿನ ರಬ್ಬರ್ ಪುಡಿಪುಡಿ ಆಗಿರುತ್ತೆ. ಒದ್ದೆ ಕೈ, ಕತ್ತಲೆ, ಹಳೇ ವೈರ್, ಇವು ಮೂರೂ ಸೇರಬಾರ್ದು. ಎಲೆಕ್ಟ್ರಿಷಿಯನ್ ಹತ್ರ ವೈರ್, ಹೋಲ್ಡರ್ ಎರಡೂ ಬದಲಾಯಿಸಿಕೊಂಡು ಕೆಂಪು ಎಲ್ಇಡಿ ಬಲ್ಬ್ ಹಾಕ್ಕೊಂಡ್ರೆ ಹೊರಗಿನ ಡಬ್ಬ ಮಾತ್ರ ಹಳೇದು ಉಳಿಯುತ್ತೆ, ಅಷ್ಟು ಸಾಕು.

ಟ್ರೇಗಳು ಪ್ಲಾಸ್ಟಿಕ್ ಅಥವಾ ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಆಗಿದ್ರೆ ಸೋಪ್ ಹಾಕಿ ತೊಳೆದು ಬಳಸಿ. ಎನಾಮೆಲ್ ಟ್ರೇ ಆಗಿದ್ರೆ ಚಕ್ಕೆ ಎದ್ದು ಕಬ್ಬಿಣ ಕಾಣ್ತಿದೆಯಾ ನೋಡಿ, ಕಾಣ್ತಿದ್ರೆ ಬೇಡ, ತುಕ್ಕು ಕೆಮಿಕಲ್‌ಗೆ ಸೇರ್ಕೊಳ್ಳುತ್ತೆ. ಪ್ರಿಂಟಿಂಗ್ ಫ್ರೇಮ್ ಅಂತೂ ಚಿನ್ನ, ಹಿಂದಿನ ಸ್ಪ್ರಿಂಗ್ ಪಟ್ಟಿ ಗಟ್ಟಿ ಇದ್ದು ಗಾಜು ಗೀರು ಬೀಳದೆ ಇದ್ರೆ ಇನ್ನೂ ಐವತ್ತು ವರ್ಷ ಬರುತ್ತೆ. ಥರ್ಮಾಮೀಟರ್‌ನ ಒಂದು ಹೊಸ ಥರ್ಮಾಮೀಟರ್ ಜೊತೆ ಒಂದೇ ಲೋಟದ ನೀರಲ್ಲಿ ಇಟ್ಟು ಹೋಲಿಸಿ, ಎಷ್ಟು ವ್ಯತ್ಯಾಸ ಇದೆಯೋ ಪೆನ್ಸಿಲಲ್ಲಿ ಬುಕ್‌ಲೆಟ್‌ನ ರಟ್ಟಿನ ಒಳಗೆ ಬರ್ಕೊಳ್ಳಿ.

ಟ್ಯಾಂಕು ಸ್ವಲ್ಪ ಹೊತ್ತು ತಗೊಳ್ಳುತ್ತೆ. ಕೊಡಾಕ್ರಾಫ್ಟ್ ಟ್ಯಾಂಕಲ್ಲಿ ಅಂಚು ನಿರಿಗೆ ನಿರಿಗೆ ಇರೋ ಉದ್ದನೇ ಪ್ಲಾಸ್ಟಿಕ್ ಪಟ್ಟಿ ಇರುತ್ತೆ, ಏಪ್ರನ್ ಅಂತಾರೆ, ಅದರ ಮೇಲೆ ಫಿಲ್ಮ್ ಇಟ್ಟು ಒಟ್ಟಿಗೆ ಸುರುಳಿ ಸುತ್ತಬೇಕು, ನಿರಿಗೆ ಇರೋದ್ರಿಂದ ಫಿಲ್ಮಿನ ಅಂಚು ಮಾತ್ರ ತಾಗುತ್ತೆ, ಮಧ್ಯ ಕೆಮಿಕಲ್ ಓಡಾಡುತ್ತೆ. ಎಷ್ಟು ಸರಳ ನೋಡಿ. ಆದ್ರೆ ಹಳೇ ಏಪ್ರನ್ ಬಿರುಸಾಗಿ ಸೀಳಿರುತ್ತೆ, ಬಾಗಿಸಿ ನೋಡಿ. ಬೆಳಕು ಸೋರುತ್ತಾ ಅಂತ ತಿಳಿಯೋಕೆ ಕತ್ತಲೆ ರೂಮಲ್ಲಿ ಮೊಬೈಲ್ ಟಾರ್ಚ್ ಆನ್ ಮಾಡಿ ಟ್ಯಾಂಕ್ ಒಳಗೆ ಇಟ್ಟು ಮುಚ್ಚಳ ಹಾಕಿ, ಎಲ್ಲಿಂದಾದ್ರೂ ಬೆಳಕಿನ ಗೆರೆ ಬಂದ್ರೆ ಆ ಟ್ಯಾಂಕ್ ಶೋಕೇಸಿಗೆ. ಮೊಬೈಲ್ ಹಿಡಿಸ್ದೇ ಇದ್ರೆ ಕೀಚೈನ್ ಟಾರ್ಚ್ ಸಾಕು. ಟ್ಯಾಂಕ್ ಕೈಕೊಟ್ರೆ ಪ್ಯಾಟರ್ಸನ್ ಟ್ಯಾಂಕ್ ಹೊಸದು ಈಗ್ಲೂ ಸಿಗುತ್ತೆ.

ಪೇಪರ್ ಬಗ್ಗೆ ಒಂದು ಮಾತು. ಕಿಟ್ಟಲ್ಲಿ ಬರ್ತಿದ್ದದ್ದು ಹೆಚ್ಚಾಗಿ ವೆಲಾಕ್ಸ್. ಇದನ್ನ ಮಾಡಿದ್ದು ಲಿಯೋ ಬೇಕ್‌ಲ್ಯಾಂಡ್, 1899ರಲ್ಲಿ ತನ್ನ ಕಂಪನೀನ ಕೊಡಾಕ್‌ನ ಈಸ್ಟ್‌ಮನ್‌ಗೆ ಮಾರಿ ಆ ದುಡ್ಡಲ್ಲಿ ಮನೇಲೇ ಲ್ಯಾಬ್ ಮಾಡ್ಕೊಂಡು 1907ರಲ್ಲಿ ಬೇಕಲೈಟ್ ಕಂಡುಹಿಡಿದ, ಅಂದ್ರೆ ನಿಮ್ಮ ಪೆಟ್ಟಿಗೆಯಲ್ಲಿ ಬೇಕಲೈಟ್ ಟ್ಯಾಂಕೂ ವೆಲಾಕ್ಸ್ ಪೇಪರೂ ಇದ್ರೆ ಎರಡೂ ಒಬ್ಬನೇ ಮನುಷ್ಯನ ತಲೆಯಿಂದ ಬಂದಿದ್ದು. ಅಷ್ಟು ಹಳೇ ಪೇಪರ್ ಮಾಮೂಲಿ ಪ್ರಿಂಟ್‌ಗೆ ಬರೋದು ಕಷ್ಟ, ಡೆವಲಪ್ ಮಾಡಿದ್ರೆ ಪೂರ್ತಿ ಬೂದು ಬರುತ್ತೆ. ಬಿಸಾಕ್ಬೇಡಿ ಮಾತ್ರ. ಮೇಲೆ ಒಂದು ಎಲೆ ಇಟ್ಟು, ಫ್ರೇಮಲ್ಲಿ ಗಾಜಿನ ಕೆಳಗೆ ಒತ್ತಿ ಬಿಸಿಲಿಗೆ ಅರ್ಧ ಗಂಟೆ, ಒಂದು ಗಂಟೆ ಇಡಿ, ಡೆವಲಪರ್ ಇಲ್ಲದೇನೇ ಕಂದು, ನೇರಳೆ, ಗುಲಾಬಿ ಬಣ್ಣದಲ್ಲಿ ಎಲೆಯ ಗುರುತು ಮೂಡುತ್ತೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ಅನ್ನೋ ಹೆಸರಿನ ಪೇಪರ್ ಪ್ಯಾಕೆಟ್ ನಮ್ಮ ಕಡೆ ಹಳೇ ಸ್ಟುಡಿಯೋಗಳಲ್ಲಿ ಸಿಕ್ರೂ ಇದೇ ಮಾಡಬಹುದು. ಮಕ್ಕಳ ಜೊತೆ ಮಾಡೋಕೆ ಇದಕ್ಕಿಂತ ಚೆನ್ನಾಗಿರೋದು ಇಲ್ಲ.

ಬುಕ್‌ಲೆಟ್‌ನ ತಿದ್ದಿ ಓದೋದು

ಒಂದು ಸಲ ಪೂರ್ತಿ ಓದಿ, ಫೋಟೋ ತಗೊಂಡು ಪ್ರಿಂಟ್‌ಔಟ್ ತೆಗೆಸಿ, ಪೆನ್ನಲ್ಲಿ ಗೀಚೋದೆಲ್ಲ ಆ ಜೆರಾಕ್ಸ್ ಮೇಲೆ. ತಿದ್ದಬೇಕಾಗಿರೋದು ಇಷ್ಟು.

ಕೆಂಪು ದೀಪ: ಹಳೇ ಬುಕ್‌ಲೆಟ್‌ನಲ್ಲಿ ಒಂದು ಚಿತ್ರ ಇದ್ದೇ ಇರುತ್ತೆ, ಒಬ್ರು ಫಿಲ್ಮಿನ ಎರಡೂ ತುದಿ ಎರಡು ಕೈಯಲ್ಲಿ ಹಿಡ್ಕೊಂಡು ಜೋಲಿ ಥರ ಇಳಿಬಿಟ್ಟು ಟ್ರೇಯಲ್ಲಿರೋ ಡೆವಲಪರ್‌ನಲ್ಲಿ ಮೇಲೆ ಕೆಳಗೆ ಆಡಿಸ್ತಿರ್ತಾರೆ, ಪಕ್ಕದಲ್ಲಿ ಕೆಂಪು ದೀಪ ಉರೀತಿರುತ್ತೆ. ಅದು ಆರ್ಥೋ ಫಿಲ್ಮ್‌ಗೆ, ಅದಕ್ಕೆ ಕೆಂಪು ಬೆಳಕು ಕಾಣಲ್ಲ. ಇವತ್ತು ನೀವು ತಗೊಳ್ಳೋ ಹೆಚ್ಚಿನ ಕಪ್ಪುಬಿಳುಪು ಫಿಲ್ಮು, ಎಚ್‌ಪಿ5, ಎಫ್‌ಪಿ4, ಟ್ರೈ-ಎಕ್ಸ್, ಎಲ್ಲ ಪ್ಯಾನ್, ಎಲ್ಲಾ ಬಣ್ಣದ ಬೆಳಕಿಗೂ ಸ್ಪಂದಿಸುತ್ತೆ, ಕೆಂಪು ದೀಪ ಹಾಕಿದ್ರೆ ಇಡೀ ರೀಲು ಕಪ್ಪಾಗಿ ಹೋಗುತ್ತೆ. ಬುಕ್‌ಲೆಟ್ ಹಂಗೇ ಅನುಸರಿಸಿ ಆ ಟ್ರೇ ವಿಧಾನವೇ ಮಾಡಬೇಕು ಅಂತ ಆಸೆ ಇದ್ರೆ ಇಲ್‌ಫೋರ್ಡ್ ಆರ್ಥೋ ಪ್ಲಸ್ ಅಂತ 120 ಅನ್ನೋ ಅಗಲದ ರೋಲ್ ಫಿಲ್ಮ್ ಸೈಜಲ್ಲೂ ಸಿಗುತ್ತೆ, ಗಾಢ ಕೆಂಪು ಬೆಳಕಲ್ಲಿ ಚಿತ್ರ ಕಣ್ಣೆದುರೇ ಮೂಡೋದು ನೋಡಬಹುದು. ಬೇರೆ ಎಲ್ಲದಕ್ಕೂ ಪೂರ್ತಿ ಕತ್ತಲೆ, ಟ್ಯಾಂಕು.

ಹಳದಿ ದೀಪ: ಪ್ರಿಂಟ್ ಮಾಡೋಕೆ ಹಳದಿ ಅಥವಾ ಹಳದಿ-ಹಸಿರು ದೀಪ ಸಾಕು ಅಂತ ಬರೆದಿರುತ್ತೆ, ಅದು ಬರೀ ನೀಲಿ ಬೆಳಕಿಗೆ ಸ್ಪಂದಿಸ್ತಿದ್ದ ಆ ಕಾಲದ ಪೇಪರ್‌ಗೆ. ಈಗಿನ ಮಲ್ಟಿಗ್ರೇಡ್ ಪೇಪರ್ ಹಸಿರಿಗೂ ಸ್ಪಂದಿಸುತ್ತೆ. ಹಂಗಾಗಿ ಕೆಂಪು ದೀಪ ಬಳಸಿ.

ಅಳತೆ: ಔನ್ಸ್ ಅಂದ್ರೆ ಯಾವ ದೇಶದ ಔನ್ಸ್ ಅಂತ ನೋಡಿ. ಅಮೆರಿಕಾದ ದ್ರವದ ಔನ್ಸ್ 29.6 ಮಿಲಿ, ಇಂಗ್ಲೆಂಡಿನದ್ದು 28.4. ಇದು ಸಣ್ಣ ವ್ಯತ್ಯಾಸ, ಆದ್ರೆ ಪಿಂಟ್ ಬಂದಾಗ ಅಮೆರಿಕಾದ್ದು 473 ಮಿಲಿ, ಇಂಗ್ಲೆಂಡಿನದ್ದು 568, ಅಲ್ಲಿ ಕೆಡುತ್ತೆ. ತೂಕದಲ್ಲಿ ಒಂದು ಔನ್ಸ್ 28.35 ಗ್ರಾಂ, ಒಂದು ಗ್ರೇನ್ 0.065 ಗ್ರಾಂ.

ಹೆಸರುಗಳು: ಎಲಾನ್ ಅಂತಿದ್ರೆ ಅದು ಡೆವಲಪರ್‌ಗೆ ಹಾಕೋ ಮೆಟಾಲ್ ಅನ್ನೋ ಕೆಮಿಕಲ್‌ಗೆ ಕೊಡಾಕ್ ಇಟ್ಕೊಂಡ ಹೆಸರು. ಸೋಡಿಯಂ ಸಲ್ಫೈಟ್, ಸಲ್ಫೇಟ್, ಸಲ್ಫೈಡ್ ಮೂರೂ ಬೇರೆ ಬೇರೆ, ಅಂಗಡಿಯಲ್ಲಿ ಚೀಟಿ ಬರೆದು ತೋರ್ಸಿ, ಬಾಯಲ್ಲಿ ಹೇಳ್ಬೇಡಿ. ಇನ್ನೊಂದು ಏನಂದ್ರೆ ಹಳೇ ಫಾರ್ಮುಲಾಗಳಲ್ಲಿ ಹರಳಿನ ತೂಕ ಕೊಟ್ಟಿರ್ತಾರೆ, ಈಗ ಸಿಗೋದು ನೀರಿನಂಶ ಇಲ್ಲದ ಪುಡಿ. ಕಾರ್ಬೋನೇಟ್ ಹರಳು 2.7 ಗ್ರಾಂ ಅಂದ್ರೆ ಪುಡಿ 1 ಗ್ರಾಂ, ಸಲ್ಫೈಟ್ ಹರಳು 2 ಗ್ರಾಂ ಅಂದ್ರೆ ಪುಡಿ 1 ಗ್ರಾಂ. ಇದನ್ನ ಲೆಕ್ಕಕ್ಕೆ ತಗೊಳ್ದೇ ಕಲಸಿಬಿಟ್ರೆ ಡೆವಲಪರ್ ಸಿಕ್ಕಾಪಟ್ಟೆ ಜೋರಾಗಿರುತ್ತೆ.

ಬಿಸಿ: ಬುಕ್‌ಲೆಟ್‌ನಲ್ಲಿ 68 ಡಿಗ್ರಿ ಅಂತಿದ್ರೆ ಅದು ಫ್ಯಾರನ್‌ಹೀಟ್, ನಮ್ಮ 20 ಸೆಲ್ಸಿಯಸ್, ಹಳೇ ಇಂಗ್ಲಿಷ್ ಪುಸ್ತಕದಲ್ಲಿ 65 ಇರಬಹುದು, ಅಂದ್ರೆ 18ರ ಆಸುಪಾಸು. ರೋಚೆಸ್ಟರ್‌ನಲ್ಲಿ ನಲ್ಲಿ ನೀರು ತಣ್ಣಗಿರುತ್ತೆ, ಮಂಗಳೂರಲ್ಲಿ ಏಪ್ರಿಲ್ ತಿಂಗಳು ನಲ್ಲಿ ಬಿಟ್ರೆ ಬರೋದು ಬೆಚ್ಚಗಿನ ನೀರು. ಬುಕ್‌ಲೆಟ್‌ನ ಕೊನೇ ಪುಟಗಳಲ್ಲಿ ಬಿಸಿ ದೇಶಗಳಲ್ಲಿ ಏನು ಮಾಡಬೇಕು ಅಂತ ಒಂದು ಭಾಗ ಇದ್ರೆ ಅದು ನಮಗೇ ಬರೆದಿದ್ದು ಅಂದ್ಕೊಳ್ಳಿ. ಬಿಸಿಗೆ ಫಿಲ್ಮ್ ಮೇಲಿನ ಜೆಲಟಿನ್ ಉಬ್ಬಿ ಮೆತ್ತಗಾಗಿ ಜಾರಿಹೋಗ್ತಿತ್ತು, ಅದಕ್ಕೆ ಡೆವಲಪರ್‌ಗೆ ಸೋಡಿಯಂ ಸಲ್ಫೇಟ್ ಸೇರಿಸಿ ಉಬ್ಬೋದು ತಡೀತಿದ್ರು, ಆಲಂ (ಪಟಿಕದ ಜಾತಿಯ ಲವಣ) ಹಾಕಿ ಗಟ್ಟಿ ಮಾಡ್ತಿದ್ರು. ಈಗಿನ ಫಿಲ್ಮುಗಳು ಗಟ್ಟಿ, ಅಷ್ಟು ಬೇಕಾಗಲ್ಲ. ಆದ್ರೆ ಒಂದು ದ್ರಾವಣ 20, ಇನ್ನೊಂದು 30 ಹೀಗೆ ಏರುಪೇರಾದ್ರೆ ಈಗ್ಲೂ ತೊಂದರೆ ಬರುತ್ತೆ. ಎಲ್ಲಾ ಬಾಟಲಿನೂ ಒಂದು ದೊಡ್ಡ ಟಬ್‌ನಲ್ಲಿ ಐಸ್ ಹಾಕಿದ ನೀರಲ್ಲಿ ಒಟ್ಟಿಗೆ ನಿಲ್ಲಿಸಿ, ತೊಳೆಯೋ ನೀರನ್ನೂ ಸೇರಿಸಿ. ಐಸ್ ಬಾಟಲಿಯೊಳಗೆ ಹಾಕ್ಬೇಡಿ, ನೀರಾಗಿಬಿಡುತ್ತೆ.

ಇನ್ನೊಂದು, ಬುಕ್‌ಲೆಟ್ ಚಿತ್ರಗಳಲ್ಲಿ ಬರಿಗೈ ಡೆವಲಪರ್‌ಗೆ ಅದ್ದಿರ್ತಾರೆ. ಮೆಟಾಲ್‌ನಿಂದ ಕೆಲವರಿಗೆ ಚರ್ಮ ಕೆಂಪಾಗಿ ತುರಿಕೆ ಬಂದು ಒಂದು ಸಲ ಬಂದ್ರೆ ಮತ್ತೆ ಮತ್ತೆ ಬರುತ್ತೆ. ಗ್ಲೌಸ್, ಚಿಮಟ ಬಳಸಿ.

ಮೊದಲು ಪ್ರಿಂಟ್ ಮಾಡಿ, ಫಿಲ್ಮ್ ಆಮೇಲೆ

ಬುಕ್‌ಲೆಟ್‌ಗಳು ಸಾಮಾನ್ಯವಾಗಿ ಫಿಲ್ಮ್ ತೊಳೆಯೋದ್ರಿಂದ ಶುರು ಮಾಡುತ್ತೆ. ಇಲ್ಲಿ ಮಾತ್ರ ನಾನು ಪುಸ್ತಕದ ಮಾತು ಬಿಡಿ ಅಂತೀನಿ. ಫಿಲ್ಮ್ ಕೆಟ್ರೆ ಆ ದಿನ ತೆಗೆದಿದ್ದೆಲ್ಲ ಹೋಯ್ತು, ಪೇಪರ್ ಕೆಟ್ರೆ ಒಂದು ತುಂಡು ಅಷ್ಟೇ. ಮತ್ತೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಟ್ರಂಕಿನಲ್ಲೋ ಬಿಸ್ಕತ್ ಡಬ್ಬದಲ್ಲೋ ಹಳೇ ದೊಡ್ಡ ನೆಗೆಟಿವ್ ಇರುತ್ತೆ. ಅಗ್ಫಾ ಕ್ಲಿಕ್-3 ಅಂತ ಬರೋಡಾದಲ್ಲಿ ತಯಾರಾಗ್ತಿದ್ದ ಕ್ಯಾಮೆರಾ ಎಷ್ಟು ಮನೇಲಿತ್ತು, ಅದರಲ್ಲಿ 120 ಫಿಲ್ಮಿಗೆ 12 ಚೌಕ ಫೋಟೋ, ಒಂದೊಂದೂ 6 ಸೆಂಟಿಮೀಟರ್. ಕಿಟ್ಟಿನ ಫ್ರೇಮ್ ಇರೋದೇ ಆ ಸೈಜಿಗೆ, ಚಿತ್ರ ದೊಡ್ಡದು ಮಾಡೋ ಎನ್‌ಲಾರ್ಜರ್ ಯಂತ್ರ ಬೇಕಿಲ್ಲ, ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟ್ ಅಷ್ಟೇ ದೊಡ್ಡದು. ಅಜ್ಜಿ ತಾತನ ಮದುವೆ ನೆಗೆಟಿವ್ ಇದ್ರೆ ಅದಕ್ಕಿಂತ ಒಳ್ಳೆ ಮೊದಲ ಪ್ರಿಂಟ್ ಯಾವುದಿದೆ.

ಆದ್ರೆ ತಡೀರಿ, ನೆಗೆಟಿವ್ ಅಂಚಲ್ಲಿ ಸೇಫ್ಟಿ ಅನ್ನೋ ಇಂಗ್ಲಿಷ್ ಪದ ಇದೆಯಾ ನೋಡಿ. 1950ಕ್ಕಿಂತ ಹಳೇದಾಗಿದ್ದು ಆ ಪದ ಇಲ್ಲದೆ, ಹಳದಿಯಾಗಿ ಅಂಟಂಟಾಗಿದ್ರೆ ನೈಟ್ರೇಟ್ ಫಿಲ್ಮ್ ಇರಬಹುದು, ಅದು ಬೇಗ ಬೆಂಕಿ ಹಿಡಿಯುತ್ತೆ, ಬಲ್ಬಿನ ಹತ್ರ, ಬಿಸಿಲಿಗೆ ಒಡ್ಡಬೇಡಿ, ಬೇರೆ ಕಾಗದದ ಲಕೋಟೆಯಲ್ಲಿ ತಂಪಾದ ಜಾಗದಲ್ಲಿ ಇಡಿ. ವಿನಿಗರ್ ವಾಸನೆ ಬಂದ್ರೆ ಅಸಿಟೇಟ್ ಕೊಳೀತಿದೆ ಅಂತ, ಅದಕ್ಕೆ ಬೆಂಕಿ ಭಯ ಇಲ್ಲ, ಆದ್ರೆ ಬೇಗ ಪ್ರಿಂಟ್ ಮಾಡ್ಕೊಳ್ಳಿ.

ರೂಮು: ಬಾತ್‌ರೂಮ್ ಸಾಕು, ರಾತ್ರಿ ಊಟ ಆದ್ಮೇಲೆ. ವೆಂಟಿಲೇಟರ್ ಗಾಜಿನ ಪಟ್ಟಿಗಳಿಗೆ ದಪ್ಪ ಕಪ್ಪು ಪ್ಲಾಸ್ಟಿಕ್ ಶೀಟ್ ಟೇಪ್ ಹಾಕಿ ಅಂಟಿಸಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಗೀಸರ್‌ನ ಕೆಂಪು ಇಂಡಿಕೇಟರ್ ಮೇಲೂ ಟೇಪ್ ಹಾಕಿ. ಲೈಟ್ ಆರಿಸಿ ಐದು ನಿಮಿಷ ಸುಮ್ನೆ ನಿಂತ್ಕೊಳ್ಳಿ, ಕಣ್ಣು ಕತ್ತಲೆಗೆ ಹೊಂದಿಕೊಂಡ್ಮೇಲೆ ಎಲ್ಲೆಲ್ಲಿ ಸೋರ್ತಿದೆ ಅಂತ ಆಗ ಕಾಣುತ್ತೆ. ಟ್ರೇ ಇಡೋಕೆ ಬಕೆಟ್ ಮೇಲೆ ಒಂದು ಹಲಗೆ. ಎಡದಿಂದ ಬಲಕ್ಕೆ ಡೆವಲಪರ್, ಸ್ಟಾಪ್, ಹೈಪೊ (ಅಂದ್ರೆ ಫಿಕ್ಸರ್), ಆಮೇಲೆ ನೀರು. ಈ ಕ್ರಮ ಯಾವತ್ತೂ ಬದಲಾಯಿಸಬೇಡಿ, ಕತ್ತಲಲ್ಲಿ ಕೈಗೆ ಅಭ್ಯಾಸ ಆಗಬೇಕು.

ಕೆಮಿಕಲ್: ರೆಡಿ ಪೇಪರ್ ಡೆವಲಪರ್ ತಗೊಂಡ್ರೆ ಸುಲಭ. ಕಿಟ್ಟಿನ ಕಾಲದ ಥರಾನೇ ಕೈಯಾರೆ ಕಲಸೋ ಆಸೆ ಇರೋರಿಗೆ ಕೊಡಾಕ್ ಡಿ-72 ಫಾರ್ಮುಲಾ ಹೇಳ್ತೀನಿ. 50 ಡಿಗ್ರಿ ಬಿಸಿ ಇರೋ 500 ಮಿಲಿ ಆರ್‌ಒ ಅಥವಾ ಡಿಸ್ಟಿಲ್ಡ್ ನೀರು, ಅದಕ್ಕೆ ಮೆಟಾಲ್ 3 ಗ್ರಾಂ, ಸೋಡಿಯಂ ಸಲ್ಫೈಟ್ ಪುಡಿ 45 ಗ್ರಾಂ, ಹೈಡ್ರೋಕ್ವಿನೋನ್ 12 ಗ್ರಾಂ, ಸೋಡಿಯಂ ಕಾರ್ಬೋನೇಟ್ ಪುಡಿ 67.5 ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ 2 ಗ್ರಾಂ, ಇದೇ ಕ್ರಮದಲ್ಲಿ, ಒಂದು ಪೂರ್ತಿ ಕರಗಿದ್ಮೇಲೆ ಇನ್ನೊಂದು, ಕೊನೆಗೆ ತಣ್ಣೀರು ಸೇರಿಸಿ 1 ಲೀಟರ್. ಕ್ರಮಕ್ಕೆ ಕಾರಣ ಇದೆ, ಸಲ್ಫೈಟ್ ತುಂಬಾ ಇರೋ ನೀರಲ್ಲಿ ಮೆಟಾಲ್ ಕರಗಲ್ಲ, ಅದಕ್ಕೆ ಮೆಟಾಲ್ ಮೊದಲು. ಆದ್ರೆ ಸಲ್ಫೈಟ್ ಸ್ವಲ್ಪಾನೂ ಇಲ್ದಿದ್ರೆ ಮೆಟಾಲ್ ಗಾಳಿಗೆ ಕೆಡೋಕೆ ಶುರುವಾಗುತ್ತೆ, ಹಂಗಾಗಿ ಒಂದೇ ಒಂದು ಚಿಟಿಕೆ ಸಲ್ಫೈಟ್ ಮೊದ್ಲೇ ಹಾಕಿ ಆಮೇಲೆ ಮೆಟಾಲ್ ಹಾಕಿ. ಬಳಸೋವಾಗ ಇದರ ಒಂದು ಭಾಗಕ್ಕೆ ಎರಡು ಭಾಗ ನೀರು. ಪುಡಿ ತೂಗೋವಾಗ ಮಾಸ್ಕ್ ಹಾಕಿ, ಫ್ಯಾನ್ ಆಫ್ ಮಾಡಿ.

ಸ್ಟಾಪ್ ಬಾತ್‌ಗೆ 2 ಪರ್ಸೆಂಟಿನಷ್ಟು ಅಸಿಟಿಕ್ ಆಸಿಡ್ ಸಾಕು, ಅಂಗಡಿಯ ಬಿಳಿ ವಿನಿಗರ್‌ಗೆ ಒಂದೂವರೆ ಪಟ್ಟು ನೀರು ಹಾಕಿದ್ರೆ ಹತ್ರ ಹತ್ರ ಅಷ್ಟೇ ಆಗುತ್ತೆ. ಫಿಕ್ಸರ್‌ಗೆ ಹೈಪೊ ಹರಳು ಲೀಟರ್‌ಗೆ 250 ಗ್ರಾಂ. ಹೈಪೊ ಕರಗ್ತಾ ಕರಗ್ತಾ ನೀರು ಐಸ್ ಥರ ತಣ್ಣಗಾಗುತ್ತೆ, ಗಾಬರಿ ಬೇಡ, ಬೆಚ್ಚಗಿನ ನೀರಲ್ಲಿ ಶುರು ಮಾಡಿ. ಇವು ಯಾವುದನ್ನೂ ಕೂಲ್‌ಡ್ರಿಂಕ್ ಬಾಟಲಿಗೆ, ಬಿಸ್ಲೇರಿ ಬಾಟಲಿಗೆ ತುಂಬಿಸಿ ಇಡಬೇಡಿ. ಮನೇಲಿ ಮಕ್ಕಳು, ವಯಸ್ಸಾದವರು ಇರ್ತಾರೆ, ರಾತ್ರಿ ಬಾಯಾರಿ ಕೈಗೆ ಸಿಕ್ಕಿದ್ದು ಎತ್ತಿ ಕುಡೀತಾರೆ. ಕಂದು ಬಣ್ಣದ ಕೆಮಿಕಲ್ ಬಾಟಲಿ ತಗೊಂಡು ಕನ್ನಡದಲ್ಲಿ ದೊಡ್ಡದಾಗಿ ವಿಷ ಅಂತ ಬರೆದು ಎತ್ತರದಲ್ಲಿ ಇಡಿ.

ಸೇಫ್‌ಲೈಟ್ ಪರೀಕ್ಷೆ: ಪೇಪರ್ ತುಂಡೊಂದನ್ನ ಕೆಂಪು ದೀಪದ ಕೆಳಗೆ ಇಟ್ಟು ಮೇಲೆ ಒಂದು ಐದು ರೂಪಾಯಿ ನಾಣ್ಯ ಇಡಿ, ಐದು ನಿಮಿಷ ಬಿಟ್ಟು ಡೆವಲಪ್ ಮಾಡಿ. ನಾಣ್ಯದ ದುಂಡು ಗುರುತು ಕಂಡ್ರೆ ದೀಪ ಸರಿ ಇಲ್ಲ, ದೂರ ಇಡಿ ಅಥವಾ ಬದಲಾಯಿಸಿ.

ಈಗ ಪ್ರಿಂಟು. ಫ್ರೇಮಿನ ಗಾಜು ಎರಡೂ ಕಡೆ ಒರೆಸಿ. ನೆಗೆಟಿವ್‌ಗೆ ಒಂದು ಹೊಳೆಯೋ ಮುಖ, ಒಂದು ಮಂಕು ಮುಖ ಇರುತ್ತೆ, ಹೊಳೆಯೋ ಕಡೆ ಗಾಜಿಗೆ, ಮಂಕು ಕಡೆ ನಿಮ್ಮ ಕಡೆಗೆ. ಅದರ ಮೇಲೆ ಪೇಪರ್, ಪೇಪರ್‌ನ ಕೆಮಿಕಲ್ ಇರೋ ಮುಖ ನೆಗೆಟಿವ್ ಕಡೆಗೆ. ಎರಡರ ಕೆಮಿಕಲ್ ಲೇಪನ, ಅಂದ್ರೆ ಎಮಲ್ಷನ್, ಒಂದಕ್ಕೊಂದು ಒತ್ತಿರ್ಬೇಕು, ಸ್ಪ್ರಿಂಗ್ ಹಾಕಿ. ವೆಲಾಕ್ಸ್ ಕಾಲದ ಬುಕ್‌ಲೆಟ್‌ನಲ್ಲಿ ಮನೆ ಬಲ್ಬನ್ನ ಒಂದೆರಡು ಅಡಿ ದೂರದಲ್ಲಿ ಹತ್ತು ಸೆಕೆಂಡು ಆ ಥರ ಹೇಳಿರುತ್ತೆ, ವೆಲಾಕ್ಸ್ ಅಷ್ಟು ನಿಧಾನ. ಈಗಿನ ಪೇಪರ್‌ಗೆ ಅಷ್ಟು ಬೆಳಕು ಕೊಟ್ರೆ ಅಮಾವಾಸ್ಯೆ. ಝೀರೋ ಬಲ್ಬ್ ಒಂದನ್ನ ಐದಾರು ಅಡಿ ಎತ್ತರದಲ್ಲಿ ಕಟ್ಟಿ. ಫ್ರೇಮಿನ ಮೇಲೆ ರಟ್ಟು ಮುಚ್ಚಿ, ಬಲ್ಬ್ ಹಾಕಿ, ರಟ್ಟನ್ನ ಸ್ವಲ್ಪ ಸ್ವಲ್ಪ ಸರಿಸ್ತಾ 1, 2, 4, 8 ಸೆಕೆಂಡಿನ ಪಟ್ಟಿಗಳು ಬರೋ ಹಾಗೆ ಒಂದು ಟೆಸ್ಟ್ ತುಂಡು ಮಾಡಿ. ಡೆವಲಪ್ ಆದ್ಮೇಲೆ ಯಾವ ಪಟ್ಟಿ ಚೆನ್ನಾಗಿದೆಯೋ ಅದೇ ನಿಮ್ಮ ಬಲ್ಬಿಗೆ, ನಿಮ್ಮ ನೆಗೆಟಿವ್‌ಗೆ ಸರಿಯಾದ ಸಮಯ. ಎಲ್ಲ ಕಪ್ಪಾಗಿದ್ರೆ ಬಲ್ಬ್ ಮುಂದೆ ಒಂದು ಬಿಳಿ ಕಾಗದ ಕಟ್ಟಿ ಮತ್ತೆ ಮಾಡಿ.

ಪೇಪರ್‌ನ ಡೆವಲಪರ್‌ಗೆ ಒಂದೇ ಸಲಕ್ಕೆ ಪೂರ್ತಿ ಮುಳುಗೋ ಹಾಗೆ ಜಾರಿಸಿ, ಟ್ರೇಯ ಒಂದು ಮೂಲೆ ಎತ್ತಿ ಇಳಿಸ್ತಾ ಇರಿ. ಹತ್ತು ಹದಿನೈದು ಸೆಕೆಂಡ್ ಏನೂ ಇರಲ್ಲ, ಆಮೇಲೆ ಮೊದಲು ಕೂದಲು, ಕೋಟಿನ ಕಪ್ಪು, ಕಣ್ಣು, ಸೀರೆಯ ಅಂಚು ಬರುತ್ತೆ, ಮುಖದ ಬಣ್ಣ ಕೊನೆಗೆ. ಕೆಂಪು ಬೆಳಕಲ್ಲಿ ಎಲ್ಲ ಇರೋದಕ್ಕಿಂತ ಗಾಢವಾಗಿ ಕಾಣುತ್ತೆ, ಅಯ್ಯೋ ಕಪ್ಪಾಗ್ತಿದೆ ಅಂತ ಮಧ್ಯದಲ್ಲೇ ಎತ್ತಬೇಡಿ, 60ರಿಂದ 90 ಸೆಕೆಂಡ್ ಪೂರ್ತಿ ಬಿಡಿ, ಬೇಗ ಎತ್ತಿದ್ರೆ ಮಸುಕು ಮಸುಕಾಗಿ ಮಚ್ಚೆ ಬೀಳುತ್ತೆ. ಸ್ಟಾಪ್‌ನಲ್ಲಿ ಅರ್ಧ ನಿಮಿಷ, ಹೈಪೊದಲ್ಲಿ 5ರಿಂದ 10 ನಿಮಿಷ, ಆಮೇಲೆ ಲೈಟ್ ಹಾಕಬಹುದು. ಹೊಸ ಪ್ಲಾಸ್ಟಿಕ್ ಲೇಪನದ ಆರ್‌ಸಿ ಪೇಪರ್ ಆದ್ರೆ ಐದು ನಿಮಿಷ ತೊಳೆದು ಕ್ಲಿಪ್ ಹಾಕಿ ನೇತುಹಾಕಿ. ಕಿಟ್ಟಿನ ಕಾಲದ ಥರ ಬರೀ ಕಾಗದದ ಪೇಪರ್ ಆದ್ರೆ ನೀರು ಬದಲಾಯಿಸ್ತಾ 30ರಿಂದ 60 ನಿಮಿಷ ಬೇಕು. ಕಿಟ್ಟಲ್ಲಿ ಹೊಳೆಯೋ ತಗಡಿನ ಪ್ಲೇಟ್ ಇದ್ರೆ ಅದು ಒದ್ದೆ ಪ್ರಿಂಟ್ ಅಂಟಿಸಿ ಒಣಗಿಸಿ ಗ್ಲಾಸಿ ಮಾಡೋಕೆ, ಆರ್‌ಸಿ ಪೇಪರ್‌ನ ಮಾತ್ರ ಅದಕ್ಕೆ ಅಂಟಿಸಿ ಬಿಸಿ ಮಾಡ್ಬೇಡಿ.

ಇನ್ನು ಫಿಲ್ಮ್

ನಾಲ್ಕೈದು ಸಲ ಪ್ರಿಂಟ್ ಮಾಡಿ ಕೈ ಕುದುರಿದ್ಮೇಲೆ ಫಿಲ್ಮಿಗೆ ಬನ್ನಿ. ಕಿಟ್ಟಿನ ಮೇಲೆ 620, 127, 116 ಅಂತೆಲ್ಲ ನಂಬರ್ ಇರುತ್ತೆ. 620 ಮತ್ತು 120 ಎರಡೂ ಅಗಲದಲ್ಲಿ ಒಂದೇ ಫಿಲ್ಮು, ಸುತ್ತೋ ಉರುಳೆ ಮಾತ್ರ ಬೇರೆ, ಹಂಗಾಗಿ 620 ಟ್ಯಾಂಕಲ್ಲಿ 120 ಕೂರುತ್ತೆ.

ಒಂದು ಹಾಳಾದ ಫಿಲ್ಮ್ ತಗೊಂಡು ಬೆಳಕಲ್ಲಿ ಏಪ್ರನ್ ಸುತ್ತಿ, ಆಮೇಲೆ ಕಣ್ಣು ಮುಚ್ಕೊಂಡು ಸುತ್ತಿ, ಬೆರಳಿಗೆ ಗೊತ್ತಾಗೋವರೆಗೂ. ಆಮೇಲೆ ಕತ್ತಲೆ. ಹಿಂದಿನ ಕಾಗದ ಬಿಡಿಸಿ, ಟೇಪ್ ಇರೋ ತುದಿ ನಿಧಾನ ಕೀಳಿ, ಅಂಚು ಮಾತ್ರ ಹಿಡೀರಿ. ಟ್ಯಾಂಕ್ ಮುಚ್ಚಿದ್ಮೇಲೆ ಲೈಟ್ ಹಾಕ್ಕೊಂಡು ಆರಾಮಾಗಿ ಮಾಡಿ. ಎಚ್‌ಪಿ5 ಫಿಲ್ಮು, ಐಡಿ-11 ಡೆವಲಪರ್ ನೀರು ಬೆರೆಸದೆ, 20 ಡಿಗ್ರಿಗೆ ಏಳೂವರೆ ನಿಮಿಷ. 24 ಡಿಗ್ರಿ ಆದ್ರೆ ಸುಮಾರು ಮೂವತ್ತು ಪರ್ಸೆಂಟ್ ಕಡಿಮೆ, ಐದೂಕಾಲು ನಿಮಿಷ. ಐದು ನಿಮಿಷಕ್ಕಿಂತ ಕೆಳಗೆ ಹೋದ್ರೆ ಸಮ ಆಗಿ ಬರಲ್ಲ, ಹಂಗಾಗಿ 24ಕ್ಕಿಂತ ಬಿಸಿ ಇದ್ರೆ ಐಸ್ ಟಬ್ ಬೇಕೇ ಬೇಕು, ಅಥವಾ ಅದೇ ಡೆವಲಪರ್‌ಗೆ ಸಮ ನೀರು ಬೆರೆಸಿ ಸಮಯ ಉದ್ದ ಮಾಡ್ಕೊಳ್ಳಿ, 20 ಡಿಗ್ರಿಗೆ 13 ನಿಮಿಷ. ನಿಮಿಷಕ್ಕೊಂದು ಸಲ ಹತ್ತು ಸೆಕೆಂಡ್ ಅಲುಗಾಡಿಸಿ. ಕೊಡಾಕ್ರಾಫ್ಟ್ ಥರದ ಟ್ಯಾಂಕ್‌ನ ಬೋರಲು ಹಾಕ್ಬೇಡಿ, ಸೋರುತ್ತೆ, ಮೇಜಿನ ಮೇಲಿಟ್ಟೇ ಆಡಿಸಬೇಕು.

ಡೆವಲಪರ್ ಆದ್ಮೇಲೆ ಪ್ರಿಂಟಿನ ಥರಾನೇ ಸ್ಟಾಪ್, ಫಿಕ್ಸರ್, ಆಮೇಲೆ ತೊಳೆಯೋದು. ತೊಳೆಯೋಕೆ ಅರ್ಧ ಗಂಟೆ ನಲ್ಲಿ ಬಿಡಿ ಅಂತ ಬುಕ್‌ಲೆಟ್ ಹೇಳುತ್ತೆ, ಟ್ಯಾಂಕರ್ ನೀರಲ್ಲಿ ಬದುಕೋ ಮನೆಗೆ ಅದಾಗಲ್ಲ. ಆಲಂ ಇಲ್ಲದ ಈಗಿನ ರ್‍ಯಾಪಿಡ್ ಫಿಕ್ಸರ್ ಬಳಸಿದ್ರೆ, ಮುಚ್ಚಳ ಭದ್ರ ಇರೋ ಟ್ಯಾಂಕಲ್ಲಿ, ಇಲ್‌ಫೋರ್ಡ್‌ನವರ ವಿಧಾನ ಇದೆ: ಟ್ಯಾಂಕ್ ತುಂಬ ನೀರು ಹಾಕಿ 5 ಸಲ ಬೋರಲು ಮಾಡಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ, ಅಷ್ಟೇ. ಬೋರ್‌ವೆಲ್ ನೀರಾದ್ರೆ ಕೊನೇ ಸಲ ಆರ್‌ಒ ನೀರಲ್ಲಿ ಅದ್ದಿ, ಇಲ್ಲಾಂದ್ರೆ ಒಣಗಿದ್ಮೇಲೆ ಬಿಳಿ ಕಲೆ ಉಳಿಯುತ್ತೆ. ಧೂಳಿಲ್ಲದ ಬಾತ್‌ರೂಮಲ್ಲೇ ನೇತುಹಾಕಿ, ಕೆಳತುದಿಗೆ ಬಟ್ಟೆ ಕ್ಲಿಪ್, ಫ್ಯಾನ್ ಬೇಡ.

ಕೆಲಸ ಆದ್ಮೇಲೆ

ಬಳಸಿದ ಹೈಪೊದಲ್ಲಿ ಬೆಳ್ಳಿ ಇರುತ್ತೆ, ಗಿಡಕ್ಕೆ, ಬಾವಿ ಹತ್ರ, ಸೆಪ್ಟಿಕ್ ಟ್ಯಾಂಕಿಗೆ ಬಿಡಬೇಡಿ. ಕ್ಯಾನ್‌ನಲ್ಲಿ ಕೂಡಿಡಿ, ಎಕ್ಸ್‌ರೇ ಹೈಪೊ ಕೊಂಡು ಬೆಳ್ಳಿ ತೆಗೆಯೋ ಸ್ಕ್ರಾಪ್‌ನವರು ಊರೂರಲ್ಲಿ ಇದ್ದಾರೆ, ಅವರಿಗೆ ಕೊಡಿ. ಟ್ರೇಗಳ ಮೇಲೆ ಡೆ, ಸ್ಟಾ, ಹೈ ಅಂತ ಪರ್ಮನೆಂಟ್ ಮಾರ್ಕರಲ್ಲಿ ಬರೆದು ಯಾವತ್ತೂ ಅದಲುಬದಲು ಮಾಡ್ಬೇಡಿ, ಅಡುಗೆಮನೆಗಂತೂ ವಾಪಸ್ ಹೋಗ್ಬಾರ್ದು.

ಬುಕ್‌ಲೆಟ್‌ನ ಕೆಮಿಕಲ್ ಪ್ಯಾಕೆಟ್‌ಗಳ ಜೊತೆ ಅದೇ ಪೆಟ್ಟಿಗೆಯಲ್ಲಿ ಇಡಬೇಡಿ, ಕಾಗದ ಕಂದಾಗುತ್ತೆ. ಲ್ಯಾಮಿನೇಟ್ ಮಾಡ್ಸಬೇಡಿ. ಮಲೆನಾಡು, ಕರಾವಳಿ ಕಡೆ ಮಳೆಗಾಲದಲ್ಲಿ ಪಿನ್‌ಗಳು ತುಕ್ಕು ಹಿಡಿದು ಮಧ್ಯದ ಪುಟ ತಿನ್ನುತ್ತೆ, ಪಿನ್ ಮೆಲ್ಲಗೆ ಬಿಡಿಸಿ ತೆಗೆದು ದಾರ ಹೊಲೀರಿ, ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಬೇರೆ ಇಡಿ. ಹಳೇ ಮಾಲೀಕರು ಅಂಚಲ್ಲಿ ಪೆನ್ಸಿಲಿಂದ ಸಮಯ, ಬಿಸಿ ಏನಾದ್ರೂ ಬರೆದಿದ್ರೆ ಅಳಿಸಬೇಡಿ, ಅದನ್ನೂ ಸೇರಿಸಿ ಸ್ಕ್ಯಾನ್ ಮಾಡಿ ಇಟ್ಕೊಳ್ಳಿ.